ಯುದ್ಧಕ್ಕೆ ಸಾಲ ಕೇಳಿದ ಗೋಡೆಗಳು: ವಾರ್ ಬಾಂಡ್ ಪೋಸ್ಟರ್‌ಗಳ ಹಿಂದಿನ ಲೆಕ್ಕ

ಗಡಿಯಲ್ಲಿ ಏನಾದರೂ ಗಲಾಟೆ ಶುರುವಾದರೆ ಸಾಕು, ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಮೆಸೇಜ್ ಬಂದೇ ಬರುತ್ತದೆ. 1965ರ ಯುದ್ಧದ ಹೊತ್ತಿನಲ್ಲಿ ಹೈದರಾಬಾದಿನ ನಿಜಾಮರು ದೇಶಕ್ಕೆ 5,000 ಕೆಜಿ ಚಿನ್ನ ದಾನ ಕೊಟ್ಟರಂತೆ, ಚಿನ್ನ ತುಂಬಿದ ಪೆಟ್ಟಿಗೆಗಳನ್ನು ಮಾತ್ರ ವಾಪಸ್ ಕಳಿಸಿ ಅಂದರಂತೆ. ಕೆಳಗೆ ಸಾಲಾಗಿ ಕೈಮುಗಿದ ಇಮೋಜಿ. ಅದರ ಹಿಂದೆಯೇ ಯಾರಾದರೂ ಅಮೆರಿಕದ ಹಳೇ ಪೋಸ್ಟರ್ ಒಂದನ್ನು ಹಾಕಿ, ‘ಆಗಿನ ಜನ ನೋಡಿ, ಯುದ್ಧಕ್ಕೆ ದುಡ್ಡು ಕೊಡೋಕೆ ಕ್ಯೂ ನಿಲ್ತಿದ್ರು’ ಅಂತ ಬರೆಯುತ್ತಾರೆ.

ನಿಜಾಮರ ವಿಷಯವನ್ನು ಮಾಹಿತಿ ಹಕ್ಕಿನಡಿ ಕೇಳಿದಾಗ ಸರ್ಕಾರದಿಂದ ಬಂದ ಉತ್ತರ ಬೇರೆಯೇ ಇತ್ತು. ಚಿನ್ನ 425 ಕೆಜಿ. ಅದನ್ನು ಅವರು ಹಾಕಿದ್ದು ಬಡ್ಡಿ ಬರುವ ರಾಷ್ಟ್ರೀಯ ರಕ್ಷಣಾ ಚಿನ್ನದ ಯೋಜನೆಯಲ್ಲಿ. ಅಂದರೆ ಸಾಲ. ಕೊಟ್ಟ ಸಾಲ ಜನರ ಬಾಯಲ್ಲಿ ತಿರುಗಿ ತಿರುಗಿ ದಾನವಾಗಿಬಿಟ್ಟಿದೆ. ನನಗೆ ಇದು ತಮಾಷೆ ಅನಿಸುವುದಕ್ಕೆ ಕಾರಣ ಇದೆ: ನೂರು ವರ್ಷದ ಹಿಂದೆ ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ಯುದ್ಧದ ಬಾಂಡ್ ಮಾರಿದವರು ದುಡ್ಡು ಸುರಿದು, ದೊಡ್ಡ ದೊಡ್ಡ ಕಲಾವಿದರನ್ನು ಕೂರಿಸಿಕೊಂಡು ಮಾಡಿದ ಕೆಲಸವೇ ಇದು. ಸಾಲ ಕೇಳಬೇಕು, ಆದರೆ ಸಾಲ ಅಂತ ಅನಿಸಬಾರದು.

ಆ ಪೋಸ್ಟರ್‌ಗಳು ಹೇಗೆ ಕೆಲಸ ಮಾಡಿದವು, ಸರ್ಕಾರಗಳಿಗೆ ಅವು ಯಾಕೆ ಬೇಕಾದವು, ಕೊಂಡವರಿಗೆ ಕೊನೆಗೆ ಏನು ಸಿಕ್ಕಿತು ಅಂತ ಬುಡದಿಂದ ನೋಡೋಣ.

ಬಾಂಡ್ ಅಂದರೆ ಏನು?

ನಿಮ್ಮ ಪಕ್ಕದ ಮನೆಯವರು ಹತ್ತು ಸಾವಿರ ಕೈಗಡ ಕೇಳುತ್ತಾರೆ ಅಂದುಕೊಳ್ಳಿ. ನೀವು ಕೊಡುತ್ತೀರಿ. ಅವರು ಒಂದು ಚೀಟಿ ಬರೆದುಕೊಡುತ್ತಾರೆ: ಇಷ್ಟು ಅಸಲು, ವರ್ಷಕ್ಕೆ ಇಷ್ಟು ಬಡ್ಡಿ, ಇಂಥ ತಾರೀಕಿಗೆ ವಾಪಸ್. ಆ ಚೀಟಿಯನ್ನು ಸರ್ಕಾರ ಬರೆದುಕೊಟ್ಟರೆ ಅದೇ ಬಾಂಡ್. ಸಾಲಪತ್ರ ಅಂತಲೂ ಹೇಳುತ್ತೇವೆ. ಯುದ್ಧದ ಖರ್ಚಿಗೆ ಅಂತ ಎತ್ತಿದರೆ ವಾರ್ ಬಾಂಡ್, ಅಂದರೆ ಯುದ್ಧ ಸಾಲಪತ್ರ.

ಎಫ್‌ಡಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸ ಇದೆ. ಎಫ್‌ಡಿ ನಿಮ್ಮ ಹೆಸರಿನಲ್ಲೇ ಇರುತ್ತದೆ, ಬೇರೆಯವರಿಗೆ ಮಾರೋಕೆ ಬರಲ್ಲ. ಬಾಂಡುಗಳಲ್ಲಿ ಬಹುಪಾಲನ್ನು ಅವಧಿಗೆ ಮುಂಚೆಯೇ ಪೇಟೆಯಲ್ಲಿ ಇನ್ನೊಬ್ಬರಿಗೆ ಮಾರಬಹುದು. ಮಾರುವಾಗ ಬರುವ ಬೆಲೆ ಚೀಟಿಯಲ್ಲಿ ಬರೆದ ಬೆಲೆಗಿಂತ ಕಡಿಮೆ ಇರಬಹುದು, ಜಾಸ್ತಿಯೂ ಇರಬಹುದು. ಈ ಸಣ್ಣ ವಿಷಯವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಎರಡನೇ ಮಹಾಯುದ್ಧದ ಅಮೆರಿಕದಲ್ಲಿ ಲೆಕ್ಕ ಇನ್ನೂ ಸಲೀಸು ಮಾಡಿದ್ದರು. 1941ರ ಮೇ 1ರಂದು ಅಧ್ಯಕ್ಷ ರೂಸ್‌ವೆಲ್ಟ್ ತಾವೇ ಮೊದಲನೆಯದನ್ನು ಕೊಂಡು ಶುರು ಮಾಡಿದ ‘ಇ’ ಸರಣಿಯ ಬಾಂಡಿಗೆ ಇವತ್ತು 18.75 ಡಾಲರ್ ಕೊಟ್ಟರೆ, ಹತ್ತು ವರ್ಷ ಬಿಟ್ಟು 25 ಡಾಲರ್ ಬರುತ್ತಿತ್ತು. ವರ್ಷಕ್ಕೆ ಸುಮಾರು ಶೇ. 2.9ರ ಬಡ್ಡಿ. ಒಟ್ಟಿಗೆ ಅಷ್ಟು ದುಡ್ಡು ಇಲ್ಲದವರು ಅಂಚೆ ಚೀಟಿಯಂಥ ಸ್ಟಾಂಪುಗಳನ್ನು ಒಂದೊಂದೇ ಕೊಂಡು ಆಲ್ಬಮ್ಮಿನಲ್ಲಿ ಅಂಟಿಸಬಹುದಿತ್ತು. 25 ಸೆಂಟಿನ 75 ಸ್ಟಾಂಪು ಆದರೆ ಒಂದು ಬಾಂಡ್. ಸ್ಕೂಲ್ ಮಕ್ಕಳೂ ತರುತ್ತಿದ್ದರು.

ಸುಮ್ನೆ ತೆರಿಗೆ ಹಾಕಬಹುದಿತ್ತಲ್ವಾ?

ಹಾಕಿದರು. ಆದರೆ ಸಾಲಲಿಲ್ಲ. ಯುದ್ಧ ಮಾಡುವ ಸರ್ಕಾರಕ್ಕೆ ದುಡ್ಡು ಹೊಂದಿಸಲು ಮೂರೇ ದಾರಿ: ತೆರಿಗೆ ಹಾಕೋದು, ನೋಟು ಪ್ರಿಂಟ್ ಮಾಡೋದು, ಸಾಲ ಎತ್ತೋದು. ತೆರಿಗೆ ಒಂದು ಮಟ್ಟ ದಾಟಿದರೆ ಜನ ಸಿಟ್ಟಾಗುತ್ತಾರೆ, ಯುದ್ಧದ ಮೇಲೇ ಬೇಜಾರು ಬರುತ್ತದೆ. ನೋಟು ಪ್ರಿಂಟ್ ಮಾಡಿದರೆ ಬೆಲೆ ಏರುತ್ತದೆ.

ಸಾಲದ ವಿಷಯದಲ್ಲಿ ಒಂದು ಗುಟ್ಟಿದೆ. ತುಂಬ ಜನ, ಬಾಂಡ್ ಮಾರಿದ್ದು ಬರೀ ಖಜಾನೆ ತುಂಬಿಸೋಕೆ ಅಂದುಕೊಳ್ಳುತ್ತಾರೆ. ಖಜಾನೆಗೆ ಬೇಕಾದ ದುಡ್ಡನ್ನು ಬ್ಯಾಂಕುಗಳಿಂದಲೇ ದೊಡ್ಡ ಗಂಟಾಗಿ ಎತ್ತಬಹುದಿತ್ತು, ಎತ್ತಿದರು ಕೂಡ. ಹಾಗಿದ್ದ ಮೇಲೆ ಹತ್ತು ಸೆಂಟು, ಇಪ್ಪತ್ತೈದು ಸೆಂಟು ಅಂತ ಮಕ್ಕಳ ಹುಂಡಿಗೆ ಯಾಕೆ ಕೈ ಹಾಕಬೇಕು?

ಒಂದು ಸಂತೆ ನೆನಪಿಸಿಕೊಳ್ಳಿ. ಹತ್ತು ಮೂಟೆ ಈರುಳ್ಳಿ ಬರುತ್ತಿದ್ದ ಕಡೆ ಈಗ ಐದೇ ಮೂಟೆ ಬಂದಿದೆ, ಉಳಿದಿದ್ದು ಸೈನ್ಯಕ್ಕೆ ಹೋಗಿದೆ. ಆದರೆ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಮಾಡಿ ಬಂದ ಎಲ್ಲರ ಜೇಬಲ್ಲೂ ಮೊದಲಿಗಿಂತ ಜಾಸ್ತಿ ದುಡ್ಡಿದೆ. ಏನಾಗುತ್ತದೆ? ಈರುಳ್ಳಿ ಬೆಲೆ ಆಕಾಶಕ್ಕೆ. 1942ರ ಅಮೆರಿಕದಲ್ಲಿ ಆಗಿದ್ದು ಇದೇ. ಆ ವರ್ಷದ ಫೆಬ್ರವರಿಯಲ್ಲಿ ಜನರ ಬಳಕೆಗೆ ಕಾರು ಮಾಡುವುದನ್ನೇ ನಿಲ್ಲಿಸಿದರು, ಆ ಕಾರ್ಖಾನೆಗಳಲ್ಲಿ ಟ್ಯಾಂಕು, ವಿಮಾನ ತಯಾರಾದವು. ಸಕ್ಕರೆಗೆ ರೇಷನ್ ಬಂತು. ಕೈ ತುಂಬ ಸಂಬಳ ಇದೆ, ಕೊಳ್ಳೋಕೆ ಸಾಮಾನಿಲ್ಲ. ಆ ದುಡ್ಡು ಪೇಟೆಗೆ ನುಗ್ಗದಂತೆ ಎಲ್ಲಾದರೂ ಕಟ್ಟಿಹಾಕಬೇಕಿತ್ತು. ಬಾಂಡ್ ಅನ್ನುವುದು ಆ ಗೂಟ. ಯುದ್ಧ ಮುಗಿದು ಅಂಗಡಿಯಲ್ಲಿ ಸಾಮಾನು ತುಂಬಿದ ಮೇಲೆ ಬಿಚ್ಚಿಕೊಂಡರಾಯಿತು.

ಹೀಗಾಗಿ ಪೋಸ್ಟರಿಗೆ ಎರಡು ಕೆಲಸ. ಒಂದು, ಸಾಲ ಎತ್ತೋದು. ಇನ್ನೊಂದು, ಖರ್ಚು ಮಾಡಬೇಡಿ ಅಂತ ಜನರಿಗೆ ಹೇಳೋದು. ಎರಡನೆಯದನ್ನು ನೇರವಾಗಿ ಹೇಳಿದರೆ ಯಾರೂ ಕೇಳಲ್ಲ. ಅದಕ್ಕೇ ಚಿತ್ರ.

ಕಥೆಗೆ ಮುನ್ನುಡಿ: ಲಂಡನ್, 1914

ಮೊದಲನೇ ಮಹಾಯುದ್ಧ ಶುರುವಾದ ಕೆಲವೇ ತಿಂಗಳಲ್ಲಿ, 1914ರ ನವೆಂಬರ್‌ನಲ್ಲಿ, ಬ್ರಿಟಿಷ್ ಸರ್ಕಾರ 35 ಕೋಟಿ ಪೌಂಡ್ ಯುದ್ಧ ಸಾಲಕ್ಕೆ ಕರೆ ಕೊಟ್ಟಿತು. ಬಡ್ಡಿ ಶೇ. 3.5, ಸರ್ಕಾರದ ಬೇರೆ ಸಾಲಗಳಿಗಿಂತ ಜಾಸ್ತಿಯೇ. ಕೇಳಿದ್ದಕ್ಕಿಂತ ಹೆಚ್ಚು ದುಡ್ಡು ಬಂದಿದೆ ಅಂತ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಬರೆಯಿತು. ಎಲ್ಲರೂ ನಂಬಿದರು.

ಸುಳ್ಳು. ಬಂದಿದ್ದು ಸುಮಾರು 9 ಕೋಟಿ ಪೌಂಡ್, ಅಂದರೆ ಮೂರನೇ ಒಂದು ಭಾಗವೂ ಇಲ್ಲ. ಉಳಿದಿದ್ದನ್ನು ಅಲ್ಲಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಇಂಗ್ಲೆಂಡ್ ತಾನೇ ಗುಟ್ಟಾಗಿ ಕೊಂಡಿತು, ಅದೂ ತನ್ನ ಹೆಸರಿನಲ್ಲಿ ಅಲ್ಲ. ಮುಖ್ಯ ಕ್ಯಾಷಿಯರ್ ಗಾರ್ಡನ್ ನೈರ್ನ್ ಮತ್ತು ಅವರ ಕೈಕೆಳಗಿನ ಅರ್ನೆಸ್ಟ್ ಹಾರ್ವಿ, ಇವರಿಬ್ಬರ ಹೆಸರಿನಲ್ಲಿ ಬರೆಸಿಕೊಂಡಿತು. ಹಳೇ ಲೆಡ್ಜರ್‌ಗಳನ್ನು ತೆಗೆದು ನೋಡಿದ ಸಂಶೋಧಕರು ಇದನ್ನು ಹೊರಗೆ ಹಾಕಿದ್ದು 2017ರಲ್ಲಿ. ಪತ್ರಿಕೆ ತಿದ್ದುಪಡಿ ಹಾಕಿತು, 103 ವರ್ಷ ತಡವಾಗಿ.

ಸರ್ಕಾರ ಇದನ್ನು ಮುಚ್ಚಿಟ್ಟಿದ್ದಕ್ಕೆ ಕಾರಣ ಊಹಿಸಬಹುದು. ‘ಬ್ರಿಟನ್ನಿನ ಜನರೇ ತಮ್ಮ ಯುದ್ಧದ ಮೇಲೆ ದುಡ್ಡು ಹಾಕುತ್ತಿಲ್ಲ’ ಅಂತ ಜರ್ಮನಿಗೆ ಗೊತ್ತಾದರೆ ಕಥೆ ಮುಗಿಯಿತು. ಬರೀ ಬಡ್ಡಿ ದರ ತೋರಿಸಿ ಸಾಲ ಕೇಳಿದರೆ ಲೆಕ್ಕ ಹಾಕುವವರು ಮಾತ್ರ ಬರುತ್ತಾರೆ, ಅವರು ಲೆಕ್ಕ ಹಾಕಿ ವಾಪಸ್ಸೂ ಹೋಗುತ್ತಾರೆ. ಆಮೇಲಿನ ವರ್ಷಗಳಲ್ಲಿ ಬ್ರಿಟನ್ ಬೇರೆ ದಾರಿ ಹಿಡಿಯಿತು. 15 ಶಿಲಿಂಗ್ 6 ಪೆನ್ಸ್, ಅಂದರೆ ಹದಿನೈದೂವರೆ ಶಿಲಿಂಗ್, ಕೊಟ್ಟರೆ ಐದು ವರ್ಷಕ್ಕೆ ಒಂದು ಪೌಂಡ್ (ಆಗಿನ 20 ಶಿಲಿಂಗ್) ಆಗುವ ಸಣ್ಣ ಪತ್ರಗಳನ್ನು ಕೂಲಿಯವರಿಗೂ ಎಟುಕುವಂತೆ ತಂದರು. 1917ರ ಕೊನೆಯಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆ ನಿಜವಾದ ಯುದ್ಧ ಟ್ಯಾಂಕನ್ನೇ ತಂದು ನಿಲ್ಲಿಸಿ ಅದರ ಹತ್ತಿರ ಬಾಂಡ್ ಮಾರಿದರು. ಆಮೇಲೆ ಟ್ಯಾಂಕುಗಳು ಊರೂರಿಗೆ ಹೊರಟವು, ನಮ್ಮಲ್ಲಿ ತೇರು ನೋಡೋಕೆ ಸೇರುವ ಹಾಗೆ ಜನ ಸೇರಿದರು.

ಅಮೆರಿಕ: ಗೋಡೆ ಕಂಡಲ್ಲೆಲ್ಲ ಪೋಸ್ಟರ್

ಅಮೆರಿಕ ಯುದ್ಧಕ್ಕೆ ಇಳಿದಿದ್ದು 1917ರ ಏಪ್ರಿಲ್‌ನಲ್ಲಿ. ಖಜಾನೆ ಕಾರ್ಯದರ್ಶಿ ವಿಲಿಯಂ ಮೆಕಾಡೂ ‘ಲಿಬರ್ಟಿ ಲೋನ್’ ಅಂತ ಹೆಸರಿಟ್ಟರು, ಸ್ವಾತಂತ್ರ್ಯದ ಸಾಲ. ಹೆಸರಲ್ಲೇ ಅರ್ಧ ಕೆಲಸ ಆಯಿತು ನೋಡಿ. 1917ರಿಂದ 1919ರವರೆಗೆ ಇಂಥ ಐದು ಸಾಲ ಎತ್ತಿದರು, ಕೊನೆಯದಕ್ಕೆ ‘ವಿಕ್ಟರಿ’ ಅಂತ ಹೆಸರು. ಒಟ್ಟು ಸುಮಾರು 2,150 ಕೋಟಿ ಡಾಲರ್. ನಾಲ್ಕನೆಯ ಸಾಲ ಒಂದರಲ್ಲೇ 2 ಕೋಟಿಗೂ ಹೆಚ್ಚು ಜನ ಕೊಂಡರು.

ಆಗ ಟಿವಿ ಇಲ್ಲ, ಮನೆಮನೆಗೆ ರೇಡಿಯೋ ಇಲ್ಲ. ಆದರೆ ಬಣ್ಣದ ಚಿತ್ರವನ್ನು ಲಕ್ಷಗಟ್ಟಲೆ ಅಗ್ಗವಾಗಿ ಅಚ್ಚು ಹಾಕುವ ಲಿಥೋ ಪ್ರೆಸ್‌ಗಳು ಇದ್ದವು, ಗೋಡೆಗಳು ಇದ್ದವು. ಪತ್ರಕರ್ತ ಜಾರ್ಜ್ ಕ್ರೀಲ್ ನಡೆಸುತ್ತಿದ್ದ ಸರ್ಕಾರಿ ಪ್ರಚಾರ ಸಮಿತಿಯಲ್ಲಿ ಚಿತ್ರಕ್ಕೇ ಒಂದು ವಿಭಾಗ. ಅದರ ಮುಖ್ಯಸ್ಥ ಆಗಿನ ಹೆಸರಾಂತ ಚಿತ್ರಕಾರ ಚಾರ್ಲ್ಸ್ ಡೇನಾ ಗಿಬ್ಸನ್. ಇನ್ನೊಂದು ಕಡೆ, ಸಿನಿಮಾ ಟಾಕೀಸಿನಲ್ಲಿ ರೀಲು ಬದಲಾಯಿಸುವ ನಾಲ್ಕು ನಿಮಿಷದಲ್ಲಿ ಎದ್ದು ನಿಂತು ಭಾಷಣ ಮಾಡಲು ಸುಮಾರು 75,000 ಜನರನ್ನು ತಯಾರು ಮಾಡಿದ್ದರು. ಚಾರ್ಲಿ ಚಾಪ್ಲಿನ್, ಮೇರಿ ಪಿಕ್‌ಫೋರ್ಡ್ ಥರದ ಸಿನಿಮಾ ತಾರೆಯರು ಬೀದಿಗಿಳಿದು ಬಾಂಡ್ ಮಾರಿದರು.

ಪ್ರೊಪಗಾಂಡ ಅನ್ನುವ ಪದಕ್ಕೆ ಕನ್ನಡದಲ್ಲಿ ನಾವು ಪ್ರಚಾರ ಅಂತಲೇ ಹೇಳುತ್ತೇವೆ. ಸೋಪಿನ ಜಾಹೀರಾತಿಗೂ ಅದೇ ಪದ, ಚುನಾವಣೆಗೂ ಅದೇ. ಇಲ್ಲಿ ಅದರ ಅರ್ಥ ಇಷ್ಟು: ವಿಷಯ ತಿಳಿಸುವುದಕ್ಕಿಂತ ಹೆಚ್ಚಾಗಿ, ಜನ ಒಂದು ನಿರ್ದಿಷ್ಟ ಕೆಲಸ ಮಾಡಲಿ ಅಂತ ಅವರ ಮನಸ್ಸನ್ನು ತಿರುಗಿಸುವುದು. ಎಲ್ಲ ಪ್ರಚಾರವೂ ಸುಳ್ಳಾಗಿರಬೇಕಿಲ್ಲ. ಆದರೆ ಯಾವುದನ್ನು ದೊಡ್ಡದಾಗಿ ಬರೆಯಬೇಕು, ಯಾವುದನ್ನು ಬರೆಯಲೇಬಾರದು ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿರುತ್ತಾರೆ.

ಒಂದು ಪೋಸ್ಟರನ್ನು ಹತ್ತಿರದಿಂದ ನೋಡೋಣ

ಜೋಸೆಫ್ ಪೆನ್ನೆಲ್ ಬರೆದ 1918ರ ಪೋಸ್ಟರ್, ನಾಲ್ಕನೇ ಲಿಬರ್ಟಿ ಸಾಲಕ್ಕೆ. ನ್ಯೂಯಾರ್ಕ್ ಬಂದರು. ಆಕಾಶ ಪೂರ್ತಿ ಕೆಂಪು, ಕಿತ್ತಳೆ. ಹಿಂದೆ ಇಡೀ ಊರು ಹೊತ್ತಿ ಉರಿಯುತ್ತಿದೆ. ಮೇಲೆ ವಿಮಾನಗಳು ಹಕ್ಕಿಗಳ ಹಿಂಡಿನ ಹಾಗೆ. ಮುಂದೆ ಸ್ವಾತಂತ್ರ್ಯ ದೇವಿಯ ಪ್ರತಿಮೆ, ಆದರೆ ಕತ್ತಿನ ಮೇಲೆ ತಲೆ ಇಲ್ಲ. ತಲೆ ಕೆಳಗೆ ನೀರಿನ ಹತ್ತಿರ ಬಿದ್ದಿದೆ. ಕೈಯಲ್ಲಿನ ದೀವಟಿಗೆ ಮುರಿದಿದೆ. ಕೆಳಗೆ ಬರಹ: ಸ್ವಾತಂತ್ರ್ಯ ಭೂಮಿಯಿಂದ ಅಳಿಯದಿರಲಿ, ಲಿಬರ್ಟಿ ಬಾಂಡ್ ಕೊಳ್ಳಿ. ಸುಮಾರು 20 ಲಕ್ಷ ಪ್ರತಿ ಅಚ್ಚಾಯಿತು.

ಈಗ ಚಿತ್ರದಲ್ಲಿ ಏನಿಲ್ಲ ಅಂತ ಹುಡುಕಿ. ಬಡ್ಡಿ ಶೇ. 4.25 ಅಂತ ಇಲ್ಲ. ಎಷ್ಟು ವರ್ಷದ ಸಾಲ ಅಂತ ಇಲ್ಲ. ಇನ್ನೊಂದು ವಿಷಯ, 1918ರಲ್ಲಿ ಜರ್ಮನಿಯ ಹತ್ತಿರ ಅಟ್ಲಾಂಟಿಕ್ ದಾಟಿ ಬರುವ ವಿಮಾನವೇ ಇರಲಿಲ್ಲ, ಯಾರ ಹತ್ತಿರವೂ ಇರಲಿಲ್ಲ. ಎಲ್ಲೂ ಇಳಿಯದೆ ಆ ಸಾಗರ ದಾಟಿದ ಮೊದಲ ವಿಮಾನ ಹಾರಿದ್ದು 1919ರಲ್ಲಿ. ನ್ಯೂಯಾರ್ಕಿಗೆ ಬಾಂಬ್ ಬೀಳುವ ಸಾಧ್ಯತೆ ಸೊನ್ನೆ. ಆದರೆ ಬಸ್ಸಿಗೆ ಕಾಯುತ್ತಾ ನಿಂತು ಈ ಚಿತ್ರ ನೋಡುವವನಿಗೆ ಆ ಲೆಕ್ಕ ಹೊಳೆಯುತ್ತದಾ? ಕೆಂಪು ಬಣ್ಣ ಕಣ್ಣಿಗೆ ಹೊಡೆಯುತ್ತದೆ, ಕೈ ಜೇಬಿಗೆ ಹೋಗುತ್ತದೆ.

ಭಯ, ನಾಚಿಕೆ, ಮಕ್ಕಳು

ಪೆನ್ನೆಲ್‌ದು ಭಯದ ದಾರಿ. ಅದೇ ದಾರಿಯಲ್ಲಿ ಇನ್ನೂ ಒರಟಾದವು ಬಂದವು. ಫ್ರೆಡರಿಕ್ ಸ್ಟ್ರೋಥ್‌ಮನ್ ಬರೆದ ಒಂದರಲ್ಲಿ, ಬೆರಳಿಗೆ ರಕ್ತ ಹತ್ತಿದ ದೈತ್ಯ ಜರ್ಮನ್ ಸೈನಿಕ ಸಮುದ್ರದ ಆಚೆಯಿಂದ ಇಣುಕಿ ನೋಡುತ್ತಾನೆ. ನೋಡಿದರೆ ನಮ್ಮ ಹಳೇ ಕ್ಯಾಲೆಂಡರ್ ಚಿತ್ರದ ರಾಕ್ಷಸರ ನೆನಪಾಗುತ್ತದೆ. ಜರ್ಮನಿ ನುಗ್ಗಿದ್ದ ಬೆಲ್ಜಿಯಂ ದೇಶವನ್ನು ನೆನಪಿಡಿ ಅನ್ನುವ ಎಲ್ಸ್‌ವರ್ತ್ ಯಂಗ್‌ರ ಪೋಸ್ಟರಿನಲ್ಲಿ ಬರೀ ಕಪ್ಪು ನೆರಳುಗಳು: ಮೊನಚು ಟೋಪಿಯ ಜರ್ಮನ್ ಸೈನಿಕ ಒಬ್ಬ ಹುಡುಗಿಯನ್ನು ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದಾನೆ, ಹಿಂದೆ ಊರು ಉರಿಯುತ್ತಿದೆ. ಮುಂದೆ ಏನಾಯಿತು ಅಂತ ನೋಡುವವರೇ ಊಹಿಸಿಕೊಳ್ಳಬೇಕು.

ಎರಡನೆಯದು ನಾಚಿಕೆ. ‘ಹೋರಾಡಿ, ಇಲ್ಲಾ ಬಾಂಡ್ ಕೊಳ್ಳಿ’ ಅಂತ ಹೋವರ್ಡ್ ಚಾಂಡ್ಲರ್ ಕ್ರಿಸ್ಟಿ ಬರೆದರು. ಮೂರನೇ ಆಯ್ಕೆ ಇಲ್ಲ. ಹುಡುಗರು ಗುಂಡಿಗೆ ಎದೆ ಕೊಟ್ಟಿದ್ದಾರೆ, ನೀನು ಬೆಚ್ಚಗೆ ಮನೆಯಲ್ಲಿ ಕೂತಿದ್ದೀಯ, ಐವತ್ತು ಡಾಲರ್ ಕೂಡ ಬಿಚ್ಚಲ್ವಾ ಅನ್ನುವ ಧಾಟಿ. ಕೊಂಡವರಿಗೆ ಅಂಗಿಗೆ ಹಾಕಿಕೊಳ್ಳಲು ಬಿಲ್ಲೆ, ಮನೆ ಕಿಟಕಿಗೆ ಅಂಟಿಸಲು ಚೀಟಿ ಕೊಡುತ್ತಿದ್ದರು. ನೋಡೋಕೆ ಇದು ಬಹುಮಾನ. ಆದರೆ ಬೀದಿಯಲ್ಲಿ ಹತ್ತು ಮನೆ ಇದ್ದು ಒಂಬತ್ತು ಮನೆಯ ಕಿಟಕಿಯಲ್ಲಿ ಚೀಟಿ ಇದ್ದರೆ, ಹತ್ತನೇ ಮನೆಯವರು ಎದ್ದು ಕಾಣುತ್ತಾರೆ. ಗಣೇಶನ ಹಬ್ಬದ ಚಂದಾ ಪಟ್ಟಿಯನ್ನು ಪೆಂಡಾಲಿನ ಎದುರೇ ನೇತುಹಾಕಿದ ಹಾಗೆ. ಅಮೆರಿಕದ ಕೆಲವು ಊರುಗಳಲ್ಲಿ ಅದು ಅಲ್ಲಿಗೇ ನಿಲ್ಲಲಿಲ್ಲ, ಬಾಂಡ್ ಕೊಳ್ಳದವರ ಮನೆಗಳಿಗೆ ರಾತ್ರಿ ಹೊತ್ತು ಹಳದಿ ಬಣ್ಣ ಬಳಿದರು. ಅಲ್ಲಿ ಹಳದಿ ಅಂದರೆ ಹೇಡಿ. ಜರ್ಮನ್ ಮೂಲದವರು, ಧರ್ಮದ ಕಾರಣಕ್ಕೆ ಯುದ್ಧ ಒಪ್ಪದವರು ಹೆಚ್ಚು ಅನುಭವಿಸಿದರು. ಕಾನೂನಿನ ಪ್ರಕಾರ ಬಾಂಡ್ ಕೊಳ್ಳುವುದು ಅವರವರ ಇಷ್ಟ. ಬೀದಿಯಲ್ಲಿ ಹಾಗಿರಲಿಲ್ಲ.

ಮೂರನೆಯದು ಮಕ್ಕಳು. ಲಾರೆನ್ಸ್ ಬೀಲ್ ಸ್ಮಿತ್ ಬರೆದ 1942ರ ಪೋಸ್ಟರಿನಲ್ಲಿ ಹುಲ್ಲಿನ ಮೇಲೆ ಆಡುವ ಮೂರು ಮಕ್ಕಳು, ಒಬ್ಬನ ಕೈಯಲ್ಲಿ ಆಟದ ವಿಮಾನ, ಒಬ್ಬಳ ಕೈಯಲ್ಲಿ ಗೊಂಬೆ. ಹುಲ್ಲಿನ ಮೇಲೆ ನಾಜಿ ಸ್ವಸ್ತಿಕದ ದೊಡ್ಡ ನೆರಳು ತೆವಳಿ ಬರುತ್ತಿದೆ. ಆ ನೆರಳು ಅವರನ್ನು ಮುಟ್ಟದಿರಲಿ, ಬಾಂಡ್ ಕೊಳ್ಳಿ. ರಕ್ತ ಇಲ್ಲ, ರಾಕ್ಷಸ ಇಲ್ಲ. ನನಗೆ ಕೇಳಿದರೆ ಸ್ಟ್ರೋಥ್‌ಮನ್‌ನ ದೈತ್ಯನಿಗಿಂತ ಇದೇ ಹೆಚ್ಚು ಹೆದರಿಸುತ್ತದೆ.

ಜರ್ಮನಿಯವರ ದಾರಿ ಬೇರೆ ಇತ್ತು. 1917ರಲ್ಲಿ ಫ್ರಿಟ್ಸ್ ಎರ್ಲರ್ ಬರೆದ ಪೋಸ್ಟರಿನಲ್ಲಿ ಉಕ್ಕಿನ ಟೋಪಿ ಹಾಕಿದ ಒಬ್ಬನೇ ಸೈನಿಕ, ಎದೆಯ ಹತ್ತಿರ ಗ್ಯಾಸ್ ಮುಖವಾಡ, ಹಿಂದೆ ಮುಳ್ಳುತಂತಿ. ಕಣ್ಣು ಮಾತ್ರ ಎಲ್ಲೋ ದೂರ ನೆಟ್ಟಿದೆ. ಗೆಲ್ಲಲು ನೆರವಾಗಿ, ಯುದ್ಧ ಸಾಲಕ್ಕೆ ಕೊಡಿ ಅಂತ ಬರಹ. ಶತ್ರುವನ್ನು ತೋರಿಸುವುದೇ ಇಲ್ಲ.

ಇನ್ನು ಬ್ರಿಟನ್ನಿನವರು 1943ರಲ್ಲಿ ನಗಿಸೋಕೆ ಹೊರಟರು. ಫಿಲಿಪ್ ಬಾಯ್ಡೆಲ್ ಒಂದು ಹುಳ ಬರೆದರು, ‘ಸ್ಕ್ವಾಂಡರ್ ಬಗ್’. ಕನ್ನಡದಲ್ಲಿ ದುಂದುಹುಳ ಅನ್ನಬಹುದು. ಡೊಳ್ಳು ಹೊಟ್ಟೆ, ಮೈ ತುಂಬ ಕೂದಲು, ಮೈಮೇಲೆ ಸ್ವಸ್ತಿಕದ ಗುರುತು. ಅಂಗಡಿಗೆ ಹೋದ ಹೆಂಗಸರ ಕಿವಿಯಲ್ಲಿ ‘ತಗೋ, ಇದನ್ನೂ ತಗೋ’ ಅಂತ ಪಿಸುಗುಡುವುದು ಅದರ ಕೆಲಸ. ಅದರ ಮಾತು ಕೇಳಬೇಡಿ, ಆ ದುಡ್ಡನ್ನು ಉಳಿತಾಯ ಪತ್ರಕ್ಕೆ ಹಾಕಿ. ಮೇಲೆ ಸಂತೆಯ ಉದಾಹರಣೆಯಲ್ಲಿ ಹೇಳಿದ ಗುಟ್ಟು ಇತ್ತಲ್ಲ, ಈ ಹುಳ ಅದನ್ನು ಬಾಯಿಬಿಟ್ಟು ಹೇಳುತ್ತಿದೆ.

ಎರಡನೇ ಸುತ್ತು, ಸ್ವಲ್ಪ ಮೆತ್ತಗೆ

ಮೊದಲನೇ ಯುದ್ಧದ ಅಬ್ಬರ, ಬಣ್ಣ ಬಳಿಯುವ ಗಲಾಟೆ ಎಲ್ಲ ನೆನಪಿದ್ದಿದ್ದರಿಂದ ಎರಡನೇ ಸಲ ಅಮೆರಿಕದ ಖಜಾನೆ ಸ್ವಲ್ಪ ಹುಷಾರಾಯಿತು. ದ್ವೇಷಕ್ಕಿಂತ ‘ನಾವು ಏನನ್ನು ಕಾಪಾಡುತ್ತಿದ್ದೇವೆ’ ಅನ್ನುವುದರ ಮೇಲೆ ಒತ್ತು ಬಂತು. ನಾರ್ಮನ್ ರಾಕ್‌ವೆಲ್ 1943ರಲ್ಲಿ ಬರೆದ ನಾಲ್ಕು ಸ್ವಾತಂತ್ರ್ಯಗಳ ಚಿತ್ರಗಳು ಇದಕ್ಕೆ ಮಾದರಿ. ವಾಕ್ ಸ್ವಾತಂತ್ರ್ಯದ ಚಿತ್ರದಲ್ಲಿ ಊರ ಸಭೆಯಲ್ಲಿ ಒಬ್ಬ ದುಡಿಯುವ ಮನುಷ್ಯ ಎದ್ದು ನಿಂತು ಮಾತಾಡುತ್ತಿದ್ದಾನೆ. ಮಾಸಿದ ಜಾಕೆಟ್ಟು, ಅದರ ಜೇಬಲ್ಲಿ ಮಡಚಿದ ಒಂದು ಕಾಗದ. ಅಕ್ಕಪಕ್ಕ ಕೋಟು, ಟೈ ಹಾಕಿದವರು ತಲೆ ಎತ್ತಿ ಕೇಳುತ್ತಿದ್ದಾರೆ. ಅಷ್ಟೇ. ಯುದ್ಧದ ಸುಳಿವೂ ಇಲ್ಲ. ಈ ಚಿತ್ರಗಳು ಊರೂರು ಸುತ್ತಿ 13 ಕೋಟಿ ಡಾಲರಿಗೂ ಹೆಚ್ಚಿನ ಬಾಂಡ್ ಮಾರಿಸಿದವು.

ಅದೇ ವರ್ಷದ ಸೆಪ್ಟೆಂಬರ್ 21ರಂದು ಗಾಯಕಿ ಕೇಟ್ ಸ್ಮಿತ್ ಬೆಳಿಗ್ಗೆಯಿಂದ ಮಧ್ಯರಾತ್ರಿ ದಾಟುವ ತನಕ ರೇಡಿಯೋದಲ್ಲಿ ಮತ್ತೆ ಮತ್ತೆ ಬಂದು ಬಾಂಡ್ ಕೊಳ್ಳಿ ಅಂತ ಕೇಳಿಕೊಂಡರು. ಒಂದೇ ದಿನ ಸುಮಾರು 3.9 ಕೋಟಿ ಡಾಲರ್. ರಾಬರ್ಟ್ ಮರ್ಟನ್ ಅನ್ನುವ ಸಮಾಜಶಾಸ್ತ್ರಜ್ಞ ಅವರ ಮಾತುಗಳನ್ನು ಕೂತು ಎಣಿಸಿದರು. ಸುಮಾರು ಅರ್ಧ ಭಾಗ ತ್ಯಾಗದ ಬಗ್ಗೆ. ಇದು ಒಳ್ಳೇ ಹೂಡಿಕೆ, ಲಾಭ ಬರುತ್ತದೆ ಅಂತ ಅವರು ಹೇಳಲೇ ಇಲ್ಲ. ಮಾರುತ್ತಿರುವ ಸರಕಿನ ಲಾಭವನ್ನೇ ಹೇಳದೆ ಮಾರುವುದು! ಯಾವ ಸೀರೆ ಅಂಗಡಿಯವರೂ ಈ ಧೈರ್ಯ ಮಾಡಲ್ಲ.

ಬಾವುಟ ಎತ್ತಿದ ಆರು ಜನ

1945ರ ಫೆಬ್ರವರಿ 23. ಜಪಾನಿನ ಇವೋ ಜಿಮಾ ದ್ವೀಪದ ಗುಡ್ಡದ ಮೇಲೆ ಅಮೆರಿಕದ ಆರು ಜನ ಸೈನಿಕರು ಬಾವುಟದ ಕಂಬ ಎತ್ತುತ್ತಿದ್ದಾರೆ. ಜೋ ರೋಸೆಂತಾಲ್ ತೆಗೆದ ಆ ಫೋಟೋ ನೀವೂ ನೋಡಿರುತ್ತೀರಿ. ಅದನ್ನೇ ಸಿ. ಸಿ. ಬೀಲ್ ಬಣ್ಣದಲ್ಲಿ ಬರೆದರು, ಏಳನೇ ಯುದ್ಧ ಸಾಲದ ಪೋಸ್ಟರ್ ಆಯಿತು: ‘ಈಗ, ಎಲ್ಲರೂ ಒಟ್ಟಿಗೆ’.

ಆರು ಜನರಲ್ಲಿ ಮೂವರು ಅದೇ ದ್ವೀಪದಲ್ಲಿ ಸತ್ತರು. ಉಳಿದವರು ಅಂತ ಗುರುತಿಸಿದ ಮೂವರನ್ನು, ಜಾನ್ ಬ್ರಾಡ್ಲಿ, ರೆನೆ ಗ್ಯಾಗ್ನಾನ್, ಐರಾ ಹೇಯ್ಸ್, ಯುದ್ಧದಿಂದ ಕರೆಸಿ ದೇಶ ಸುತ್ತಿಸಿದರು. ಗುರಿ ಇದ್ದಿದ್ದು 1,400 ಕೋಟಿ ಡಾಲರ್, ಬಂದಿದ್ದು 2,600 ಕೋಟಿ. ಪಿಮಾ ಬುಡಕಟ್ಟಿನ ಐರಾ ಹೇಯ್ಸ್‌ಗೆ ಈ ಹೊಗಳಿಕೆ ಹಿಡಿಸಲಿಲ್ಲ, ಕುಡಿತಕ್ಕೆ ಬಿದ್ದರು, 1955ರಲ್ಲಿ 32ನೇ ವಯಸ್ಸಿಗೆ ತೀರಿಕೊಂಡರು. ಆಮೇಲೆ 2016ರಲ್ಲಿ ಅಮೆರಿಕದ ನೌಕಾ ಕಾಲಾಳು ಪಡೆಯೇ, ಫೋಟೋದಲ್ಲಿ ಬ್ರಾಡ್ಲಿ ಇಲ್ಲ ಅಂತ ಒಪ್ಪಿಕೊಂಡಿತು. 2019ರಲ್ಲಿ, ಗ್ಯಾಗ್ನಾನ್ ಕೂಡ ಇಲ್ಲ ಅಂತು. ವೇದಿಕೆ ಮೇಲೆ ನಿಂತ ಮೂವರಲ್ಲಿ ಆ ಚಿತ್ರದಲ್ಲಿ ನಿಜಕ್ಕೂ ಇದ್ದವರು ಹೇಯ್ಸ್ ಒಬ್ಬರೇ.

ಒಟ್ಟಾರೆ ಆ ಯುದ್ಧದಲ್ಲಿ ಅಮೆರಿಕ 18,500 ಕೋಟಿ ಡಾಲರಿನಷ್ಟು ಬಾಂಡ್ ಮಾರಿತು, ಸುಮಾರು 8.5 ಕೋಟಿ ಜನ ಕೊಂಡರು. ಅದರಲ್ಲಿ ದೊಡ್ಡ ಪಾಲು ಕಂಪನಿ, ವಿಮಾ ಸಂಸ್ಥೆಗಳದ್ದು ಅನ್ನುವುದನ್ನು ಮರೆಯಬಾರದು.

ಇನ್ನು ಹಿಟ್ಲರನ ಜರ್ಮನಿ ಏನು ಮಾಡಿತು ಗೊತ್ತಾ? ಈ ಥರದ ಬಾಂಡ್ ಮಾರಾಟಕ್ಕೆ ಕೈಯೇ ಹಾಕಲಿಲ್ಲ. ಜನ ಬ್ಯಾಂಕಿನಲ್ಲಿ ಇಟ್ಟ ಉಳಿತಾಯವನ್ನೇ ಬ್ಯಾಂಕುಗಳ ಮೂಲಕ ಸದ್ದಿಲ್ಲದೆ ಸಾಲವಾಗಿ ಎಳೆದುಕೊಂಡಿತು. ಬಹಿರಂಗವಾಗಿ ಕೇಳಿ ಜನ ಕೊಡದೇ ಹೋದರೆ ಮರ್ಯಾದೆ ಹೋಗುತ್ತದೆ. ಮೇಲಾಗಿ ಹಿಂದಿನ ಯುದ್ಧದ ಬಾಂಡುಗಳಿಗೆ ಏನಾಯಿತು ಅಂತ ಅಲ್ಲಿನ ಪ್ರತಿ ಮನೆಗೂ ಗೊತ್ತಿತ್ತು.

ಕೊಂಡವರಿಗೆ ದುಡ್ಡು ವಾಪಸ್ ಬಂತಾ?

ಜರ್ಮನಿಯಿಂದಲೇ ಶುರು ಮಾಡೋಣ. ಮೊದಲನೇ ಯುದ್ಧದಲ್ಲಿ ಒಂಬತ್ತು ಸಲ ಸಾಲ ಎತ್ತಿ ಸುಮಾರು 9,800 ಕೋಟಿ ಮಾರ್ಕ್ ಕೂಡಿಸಿದ್ದರು. ಸೋತರು. 1923ರ ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಎರ್ಲರ್‌ನ ಸೈನಿಕನ ಕಣ್ಣು ನೋಡಿ ಜೀವಮಾನದ ಉಳಿತಾಯ ಹಾಕಿದವರ ಬಾಂಡಿನಿಂದ ಒಂದು ಬ್ರೆಡ್ಡೂ ಬರುತ್ತಿರಲಿಲ್ಲ.

ಅಮೆರಿಕದಲ್ಲಿ ಅಷ್ಟು ಕೆಡಲಿಲ್ಲ. ಆದರೆ ಮೊದಲು ಹೇಳಿದೆನಲ್ಲ, ಪೇಟೆಯಲ್ಲಿ ಬಾಂಡಿನ ಬೆಲೆ ಇಳಿಯಬಹುದು ಅಂತ. ಯುದ್ಧದ ನಂತರ ಬಡ್ಡಿ ದರಗಳು ಏರಿದವು. ಹೊಸ ಸಾಲಕ್ಕೆ ಜಾಸ್ತಿ ಬಡ್ಡಿ ಸಿಗುವಾಗ ನಿಮ್ಮ ಹತ್ತಿರ ಇರುವ ಶೇ. 4ರ ಹಳೇ ಚೀಟಿಯನ್ನು ಪೂರ್ತಿ ಬೆಲೆಗೆ ಯಾರು ಕೊಳ್ಳುತ್ತಾರೆ? 1920ರಲ್ಲಿ 100 ಡಾಲರಿನ ಲಿಬರ್ಟಿ ಬಾಂಡ್ 85 ಡಾಲರಿಗೂ ಕೆಳಗೆ ಬಿತ್ತು. ಕಾಯುವ ತಾಕತ್ತಿದ್ದವರು ಪಾರಾದರು. ಕೆಲಸ ಹೋಗಿ, ಮನೆಯಲ್ಲಿ ಕಷ್ಟ ಬಂದು ಮಾರಿದವರು ಕಳೆದುಕೊಂಡರು.

ಎರಡನೇ ಯುದ್ಧದ ‘ಇ’ ಸರಣಿಯಲ್ಲಿ ಈ ತೊಂದರೆ ಬರದಂತೆ ನೋಡಿಕೊಂಡರು. ಅದನ್ನು ಪೇಟೆಯಲ್ಲಿ ಮಾರುವ ಹಾಗಿಲ್ಲ, ಬೇಕೆಂದರೆ ಸರ್ಕಾರಕ್ಕೇ ಕೊಟ್ಟು ನಿಗದಿಯಾದ ದುಡ್ಡು ತಗೊಳ್ಳಬಹುದು. ಒಳ್ಳೇದೇ. ಆದರೆ ಲೆಕ್ಕ ಹಾಕಿ: 18.75 ಕೊಟ್ಟಿದ್ದಕ್ಕೆ 25 ಬಂತು ಅಂದರೆ ಹತ್ತು ವರ್ಷಕ್ಕೆ ಮೂರನೇ ಒಂದರಷ್ಟು ಹೆಚ್ಚು. 1941ರಿಂದ 1951ರ ನಡುವೆ ಅಲ್ಲಿ ಸಾಮಾನಿನ ಬೆಲೆ ಏರಿದ್ದು ಶೇ. 75ಕ್ಕೂ ಹೆಚ್ಚು. ಸರ್ಕಾರ ಹೇಳಿದಷ್ಟು ಡಾಲರ್ ಕೊಟ್ಟಿತು, ಒಂದು ಸೆಂಟೂ ಕಡಿಮೆ ಇಲ್ಲ. ಆ ಡಾಲರಿಗೆ ಬರುವ ಸಾಮಾನು ಕಡಿಮೆಯಾಗಿತ್ತು.

ಬ್ರಿಟನ್‌ದು ಇನ್ನೊಂದು ಥರ. 1917ರಲ್ಲಿ ಶೇ. 5ರ ಬಡ್ಡಿಗೆ ಎತ್ತಿದ ದೊಡ್ಡ ಸಾಲವನ್ನು 1932ರಲ್ಲಿ ಹಣಕಾಸು ಮಂತ್ರಿ ನೆವಿಲ್ ಚೇಂಬರ್ಲಿನ್ ಶೇ. 3.5ಕ್ಕೆ ಇಳಿಸಿದರು, ದೇಶಭಕ್ತಿಯಿಂದ ಒಪ್ಪಿಕೊಳ್ಳಿ ಅಂತ ಮತ್ತೆ ಪ್ರಚಾರ ಮಾಡಿ. ಬಹುತೇಕ ಎಲ್ಲರೂ ಒಪ್ಪಿದರು. ಹೊಸ ಪತ್ರದಲ್ಲಿ ಅಸಲು ಇಂಥ ದಿನವೇ ಕೊಡಬೇಕು ಅಂತ ಗಡುವೇ ಇರಲಿಲ್ಲ. ಅದು ಪೂರ್ತಿ ತೀರಿದ್ದು 2015ರ ಮಾರ್ಚ್ 9ಕ್ಕೆ. ಆಗ ಅದನ್ನು ಇಟ್ಟುಕೊಂಡಿದ್ದವರು 1.2 ಲಕ್ಷಕ್ಕೂ ಹೆಚ್ಚು ಜನ, ಎಷ್ಟೋ ಜನಕ್ಕೆ ಅದು ಅಜ್ಜ, ಮುತ್ತಜ್ಜನಿಂದ ಬಂದಿದ್ದು.

ಈಗಲೂ ಇದೆ

ಯುಕ್ರೇನ್ ಮೇಲೆ ರಷ್ಯಾ ದಾಳಿ ಶುರುವಾಗಿ ಒಂದು ವಾರ ಕೂಡ ಆಗಿರಲಿಲ್ಲ, 2022ರ ಮಾರ್ಚ್ 1ರಂದು ಯುಕ್ರೇನ್ ಯುದ್ಧ ಬಾಂಡ್ ಬಿಡುಗಡೆ ಮಾಡಿತು. ಒಂದು ವರ್ಷದ ಅವಧಿ, ಶೇ. 11 ಬಡ್ಡಿ, ಒಂದರ ಮುಖಬೆಲೆ 1,000 ಹ್ರಿವ್ನಿಯಾ. ಆಮೇಲೆ ‘ದಿಯಾ’ ಅನ್ನುವ ಸರ್ಕಾರಿ ಆ್ಯಪಿನಲ್ಲೇ ಕೊಳ್ಳುವ ಹಾಗೆ ಮಾಡಿದರು. ಗೋಡೆ ಹೋಗಿ ಮೊಬೈಲ್ ಬಂತು. ಬಾಂಡುಗಳಿಗೆ ರಷ್ಯಾ ಹಿಡಿದುಕೊಂಡ ಊರುಗಳ ಹೆಸರು, ಮಾರಿಯುಪೋಲ್ ಥರದ್ದು. ಒಂದು ಊರಿನ ಹೆಸರೇ ಈಗ ಪೋಸ್ಟರಿನ ಕೆಲಸ ಮಾಡುತ್ತಿದೆ.

ನಮ್ಮ ಕಡೆ

1917ರಲ್ಲಿ ಬ್ರಿಟಿಷರು ಭಾರತದಲ್ಲೂ ಯುದ್ಧ ಸಾಲ ಎತ್ತಿದರು. ಅದರ ಹಿಂದಿನ ಲೆಕ್ಕ ವಿಚಿತ್ರ. ಬ್ರಿಟನ್ನಿನ ಯುದ್ಧಕ್ಕೆ ಭಾರತ 10 ಕೋಟಿ ಪೌಂಡ್ ‘ಕೊಡುಗೆ’ ಕೊಡುತ್ತದೆ ಅಂತ ತೀರ್ಮಾನವಾಗಿತ್ತು, ಆ ಕೊಡುಗೆ ತುಂಬಿಸಲು ಭಾರತದ ಜನರ ಹತ್ತಿರವೇ ಸಾಲ. ಸಣ್ಣವರಿಗೆ ಅಂತ ಅದೇ ವರ್ಷ ಪೋಸ್ಟಾಫೀಸಿನಲ್ಲಿ ಕ್ಯಾಷ್ ಸರ್ಟಿಫಿಕೇಟ್ ಬಂತು. ಏಳು ರೂಪಾಯಿ ಹನ್ನೆರಡು ಆಣೆ ಕೊಟ್ಟರೆ ಐದು ವರ್ಷಕ್ಕೆ ಹತ್ತು ರೂಪಾಯಿ. ಬ್ರಿಟನ್ನಿನ ಹದಿನೈದೂವರೆ ಶಿಲಿಂಗಿನ ಲೆಕ್ಕವನ್ನೇ ರೂಪಾಯಿಗೆ ತಿರುಗಿಸಿದ್ದು. ಪೋಸ್ಟಾಫೀಸಿನ ಉಳಿತಾಯ ಪತ್ರ ಅಂತ ನಾವು ಈಗ ಕೊಳ್ಳುವುದರ ಹಿರಿಯಜ್ಜ ಅದು.

ಕೊನೆಗೆ ಮತ್ತೆ ನಮ್ಮ ಗ್ರೂಪಿನ ಮೆಸೇಜಿಗೆ ಬರೋಣ. ಬೀದರ್, ಕಲಬುರಗಿ, ರಾಯಚೂರಿನವರಿಗೆ ನಿಜಾಮರ ಕಥೆ ಅಂದರೆ ಅಜ್ಜಂದಿರ ಕಾಲದ ಸರ್ಕಾರದ ಕಥೆ, ಅದಕ್ಕೇ ಈ ಕಡೆ ಆ ಮೆಸೇಜ್ ಜಾಸ್ತಿ ಓಡುತ್ತದೆ. 1965ರ ಚಿನ್ನದ ಬಾಂಡಿಗೆ ಉಳಿದ ಯುದ್ಧ ಬಾಂಡುಗಳಿಗೆ ಇಲ್ಲದ ಒಂದು ಗುಣ ಇತ್ತು. ದುಡ್ಡು ಕೊಟ್ಟು ಕೊಳ್ಳುವಂತಿಲ್ಲ, ಚಿನ್ನವೇ ಕೊಡಬೇಕು. 15 ವರ್ಷ ಆದ ಮೇಲೆ, 1980ರಲ್ಲಿ, ಸರ್ಕಾರ ವಾಪಸ್ ಕೊಡುವುದೂ ಚಿನ್ನವೇ. 1965ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಸುಮಾರು 70 ರೂಪಾಯಿ ಇತ್ತು. 1980ರಲ್ಲಿ 1,300 ದಾಟಿತ್ತು. ಜರ್ಮನಿಯವರಿಗೆ ಮಾರ್ಕ್ ಬೂದಿಯಾಯಿತು, ಅಮೆರಿಕದವರ ಡಾಲರ್ ಸವೆಯಿತು, ಇಲ್ಲಿ ಒಂದು ತೊಲ ಇಟ್ಟವರಿಗೆ ಒಂದು ತೊಲವೇ ಬಂತು, ಮೇಲೆ ಬಡ್ಡಿ ಬೇರೆ. ಪೆಟ್ಟಿಗೆ ವಾಪಸ್ ಬಂತೋ ಇಲ್ಲವೋ, ಚಿನ್ನವಂತೂ ವಾಪಸ್ ಬರುವ ಚಿನ್ನವೇ ಆಗಿತ್ತು.